ಫಿಸಿಕ್ಸ್ ಪದವಿ ಕೈಗೆ ಬಂತು, ಆಸ್ಪತ್ರೆಯ ಬಾಗಿಲು ಮಾತ್ರ ಕಿರಿದು

ಮೊಬೈಲಿನಲ್ಲಿ ಹವಾಮಾನದ ಆ್ಯಪ್ ತೆರೆದರೆ ಮೂಲೆಯಲ್ಲಿ ಗಾಳಿಯ ಒತ್ತಡ ಎಂದು ಒಂದು ಅಂಕಿ ಇರುತ್ತದೆ. 1012, 1009, ಹೀಗೆ ಏನೋ ಒಂದು. ಅದನ್ನು ಯಾರೂ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಆದರೆ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ಕೂತು ಆ ಅಂಕಿಯನ್ನು ನಂಬಿದರೆ ದೊಡ್ಡ ಅನಾಹುತವೇ ಆಗಬಹುದು.

ಹೇಗೆ ಅಂತ ನೋಡೋಣ. ಚಿಕಿತ್ಸೆಯ ಯಂತ್ರ, ಅಂದರೆ ಲಿನಾಕ್, ಎಷ್ಟು ವಿಕಿರಣ ಬಿಡುತ್ತಿದೆ ಎಂದು ಆಗಾಗ ಅಳೆಯಬೇಕು. ಅದಕ್ಕೆ ನೀರು ತುಂಬಿದ ತೊಟ್ಟಿಯೊಳಗೆ 10 ಸೆಂ.ಮೀ. ಆಳಕ್ಕೆ, ಬೆರಳ ತುದಿಯಷ್ಟು ಚಿಕ್ಕದಾದ ಒಂದು ಉಪಕರಣವನ್ನು ಇಳಿಸುತ್ತಾರೆ. ಅದರ ಹೆಸರು ಅಯಾನ್ ಚೇಂಬರ್. ಅದರೊಳಗೆ ಇರುವುದು ಬರೀ ಗಾಳಿ, ಅದೂ ಕೋಣೆಯ ಗಾಳಿಯೇ. ವಿಕಿರಣ ಆ ಗಾಳಿಯಲ್ಲಿ ಹಾದಾಗ ಹುಟ್ಟುವ ವಿದ್ಯುತ್ತನ್ನು ಹೊರಗಿನ ಮೀಟರ್ ಓದುತ್ತದೆ. ಗಾಳಿ ತೆಳ್ಳಗಿದ್ದರೆ ಮೀಟರ್ ಕಮ್ಮಿ ತೋರಿಸುತ್ತದೆ, ದಟ್ಟವಾಗಿದ್ದರೆ ಜಾಸ್ತಿ. ಹಾಗಾಗಿ ಆ ಹೊತ್ತಿನ ಉಷ್ಣಾಂಶ, ಒತ್ತಡ ಎರಡನ್ನೂ ಹಾಕಿ ಲೆಕ್ಕ ತಿದ್ದಬೇಕು. ಇಷ್ಟು ಪುಸ್ತಕದಲ್ಲೇ ಇದೆ. ಆಸ್ಪತ್ರೆಯಲ್ಲಿ ಇಂಥ ಅಳತೆ, ಲೆಕ್ಕ ನೋಡಿಕೊಳ್ಳುವವರ ಓದಿಗೆ ಮೆಡಿಕಲ್ ಫಿಸಿಕ್ಸ್ ಎಂದು ಹೆಸರು. ಅದನ್ನು ಓದಿದವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸೂತ್ರ ಹೇಳುತ್ತಾರೆ.

ಆದರೆ ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ಆಸ್ಪತ್ರೆ 1000 ಮೀಟರ್ ಎತ್ತರದಲ್ಲಿದ್ದರೆ ಅಲ್ಲಿನ ನಿಜವಾದ ಒತ್ತಡ ಸುಮಾರು ಶೇ. 11ರಷ್ಟು ಕಮ್ಮಿ ಇರುತ್ತದೆ. ಆ್ಯಪಿನ ಅಂಕಿಯನ್ನೇ ಸೂತ್ರಕ್ಕೆ ತುಂಬಿದರೆ, ಸರಿಯಾಗಿರುವ ಯಂತ್ರವೇ ಶೇ. 11 ಕಮ್ಮಿ ಕೊಡುತ್ತಿರುವಂತೆ ಕಾಣುತ್ತದೆ. ಅಯ್ಯೋ ಕಮ್ಮಿ ಬರ್ತಿದೆ ಎಂದು ಯಂತ್ರವನ್ನು ಏರಿಸಿದರೆ ಮುಗಿಯಿತು. ಅವತ್ತಿನಿಂದ ಬರುವ ಪ್ರತಿಯೊಬ್ಬ ರೋಗಿಗೂ ಬೇಕಾದ್ದಕ್ಕಿಂತ ಜಾಸ್ತಿ ಡೋಸ್. ತಿಂಗಳ ತಪಾಸಣೆಯಲ್ಲಿ ಈ ಯಂತ್ರಗಳಲ್ಲಿ ಒಪ್ಪಬಹುದಾದ ವ್ಯತ್ಯಾಸ ಶೇ. 2, ವರ್ಷದ ತಪಾಸಣೆಯಲ್ಲಿ ಶೇ. 1. ಹೀಗಿರುವಾಗ ಶೇ. 11 ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ.

ಸೂತ್ರ ಸರಿ ಇತ್ತು, ಗುಣಾಕಾರವೂ ಸರಿ ಇತ್ತು. ಅಂಕಿ ಎಲ್ಲಿಂದ ಬಂತು ಅನ್ನುವಲ್ಲಿ ಎಡವಟ್ಟಾಯಿತು. ಈ ಪಾಠ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಸಿಗುವುದು ಕಷ್ಟ, ಯಾಕೆಂದರೆ ಅಲ್ಲಿ ಒತ್ತಡ ಎಷ್ಟು ಅಂತ ಅವರೇ ಕೊಟ್ಟಿರುತ್ತಾರೆ. ಪಕ್ಕದಲ್ಲಿ ನಿಂತ ಹಿರಿಯರೊಬ್ಬರು "ಇದನ್ನ ಎಲ್ಲಿ ನೋಡಿದೆ? ಗೋಡೆ ಮೇಲಿನ ಬ್ಯಾರೋಮೀಟರ್ ನೋಡಿದ್ಯಾ?" ಎಂದು ಕೇಳಿದಾಗ ಮಾತ್ರ ಅದು ತಲೆಗೆ ಹೋಗುತ್ತದೆ. ಮೆಡಿಕಲ್ ಫಿಸಿಕ್ಸ್‌ನಲ್ಲಿ ಪದವಿ ಮುಗಿದ ಮೇಲೂ ಎರಡು ವರ್ಷ ಆಸ್ಪತ್ರೆಯಲ್ಲಿ ತರಬೇತಿ ಬೇಕು ಅನ್ನುವ ವಾದದ ತಿರುಳು ಇದೇ. ಇವತ್ತಿನ ತಕರಾರು ಹುಟ್ಟಿರುವುದೂ ಅಲ್ಲೇ. ಪದವಿಯ ಸೀಟು ಸುಲಭವಾಗಿ ಹೆಚ್ಚುತ್ತದೆ. ಆ ಹಿರಿಯರ ಪಕ್ಕದಲ್ಲಿ ನಿಲ್ಲುವ ಜಾಗ ಹಾಗೆ ಹೆಚ್ಚುವುದಿಲ್ಲ.

ಮೆಡಿಕಲ್ ಫಿಸಿಸಿಸ್ಟ್ ಅಂದರೆ ಯಾರು ಎಂದು ರೋಗಿಗಳಿಗೂ ಗೊತ್ತಿರುವುದಿಲ್ಲ. ಡಾಕ್ಟರು ಕಾಣುತ್ತಾರೆ, ಯಂತ್ರ ನಡೆಸುವ ಟೆಕ್ನಾಲಜಿಸ್ಟ್ ಕಾಣುತ್ತಾರೆ, ಇವರು ಮಾತ್ರ ಕಾಣುವುದಿಲ್ಲ. ಗಂಟಲಿನ ಕ್ಯಾನ್ಸರ್‌ಗೆ ದಿನಕ್ಕೆ 2 ಗ್ರೇಯಂತೆ 35 ದಿನ, ಒಟ್ಟು 70 ಗ್ರೇ ಎಂದು ಡಾಕ್ಟರು ಬರೆಯುತ್ತಾರೆ. ಗ್ರೇ ಅಂದರೆ ದೇಹ ಹೀರಿಕೊಳ್ಳುವ ವಿಕಿರಣದ ಅಳತೆ. ಆ 2 ಗ್ರೇ ನಿಜವಾಗಿಯೂ 2 ಗ್ರೇಯೇ, ಬೀಳಬೇಕಾದ ಜಾಗಕ್ಕೇ ಬೀಳುತ್ತದೆಯೇ, ಬೆನ್ನುಹುರಿಗೆ ಎಷ್ಟು ತಗಲುತ್ತದೆ, ಇದನ್ನೆಲ್ಲ ಖಾತ್ರಿ ಮಾಡುವುದು ಫಿಸಿಸಿಸ್ಟ್ ಕೆಲಸ. ಸಿ.ಟಿ., ಎಂ.ಆರ್.ಐ., ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಲ್ಲೂ ಇವರು ಇದ್ದಾರೆ, ಆದರೆ ಹೆಚ್ಚಿನವರು ಇರುವುದು ವಿಕಿರಣ ಚಿಕಿತ್ಸೆಯಲ್ಲೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವೃತ್ತಿಪಟ್ಟಿಯಲ್ಲಿ ಇವರನ್ನು ಭೌತವಿಜ್ಞಾನಿಗಳ ಸಾಲಿನಲ್ಲೇ ಇಟ್ಟಿದ್ದಾರೆ. ಜೊತೆಗೆ, ಇವರು ಆರೋಗ್ಯ ಸಿಬ್ಬಂದಿಯೂ ಹೌದು ಎಂದು ಒಂದು ಟಿಪ್ಪಣಿ ಸೇರಿಸಿದ್ದಾರೆ. ಅತ್ತ ಪ್ರೊಫೆಸರೂ ಅಲ್ಲ, ಇತ್ತ ಡಾಕ್ಟರೂ ಅಲ್ಲ. ಮುಂದೆ ಹೇಳುವ ದುಡ್ಡಿನ ಗೋಜಲಿಗೆ ಈ ನಡುವಿನ ಸ್ಥಾನವೂ ಒಂದು ಕಾರಣ.

ಹಿಂದೆಲ್ಲ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಫಿಸಿಕ್ಸ್‌ನಲ್ಲಿ ಎಂ.ಎಸ್‌ಸಿ. ಅಥವಾ ಪಿಎಚ್.ಡಿ. ಮಾಡಿದವರು ಆಸ್ಪತ್ರೆಗೆ ಸೇರಿ, ಕೆಲಸ ಮಾಡುತ್ತಾ ಮಾಡುತ್ತಾ ಕಲಿಯುತ್ತಿದ್ದರು. ಒಳ್ಳೆಯ ಗುರು ಸಿಕ್ಕಿದವರು ಚೆನ್ನಾಗಿ ಕಲಿತರು. ಸಿಗದವರು ತಮಗೆ ಏನು ಗೊತ್ತಿಲ್ಲ ಅನ್ನುವುದೂ ಗೊತ್ತಾಗದೆ ಉಳಿದರು. ಈಗ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಅಂದರೆ ಐಎಇಎ, ಹೇಳುವುದು ಹೀಗೆ: ಮೊದಲು ಸ್ನಾತಕೋತ್ತರ ಓದು, ಆಮೇಲೆ ಕನಿಷ್ಠ ಎರಡು ವರ್ಷ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕ್ಲಿನಿಕಲ್ ತರಬೇತಿ. ಅಮೆರಿಕದಲ್ಲಿ ಇದು ಇನ್ನೂ ಬಿಗಿ. ಅಲ್ಲಿ ಕೋರ್ಸುಗಳಿಗೂ ರೆಸಿಡೆನ್ಸಿಗಳಿಗೂ, ಅಂದರೆ ಪದವಿಯ ನಂತರದ ಆಸ್ಪತ್ರೆಯ ತರಬೇತಿಗೂ, ಮಾನ್ಯತೆ ಕೊಡುವ ಸಂಸ್ಥೆ ಕ್ಯಾಂಪೆಪ್. ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವುದು ಅಮೆರಿಕನ್ ಬೋರ್ಡ್ ಆಫ್ ರೇಡಿಯಾಲಜಿ. 2014ರಿಂದ, ಕ್ಯಾಂಪೆಪ್ ಮಾನ್ಯತೆ ಇರುವ ರೆಸಿಡೆನ್ಸಿ ಮುಗಿಸದೆ ಎರಡನೇ ಹಂತದ ಪರೀಕ್ಷೆಗೆ ಕೂರುವ ಹಾಗಿಲ್ಲ. ಪ್ರಮಾಣಪತ್ರ ಇಲ್ಲದಿದ್ದರೆ ಒಳ್ಳೆಯ ಕೆಲಸ ಸಿಗುವುದು ಕಷ್ಟ.

ಇಷ್ಟು ಬಿಗಿ ಯಾಕೆ ಎಂದು ಗೊಣಗುವವರು ಹಳೆಯ ಅಪಘಾತಗಳ ವರದಿ ಓದಬೇಕು. ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ 1988ರಲ್ಲಿ ಕೋಬಾಲ್ಟ್ ಯಂತ್ರಕ್ಕೆ ವಿಕಿರಣ ಸೂಸುವ ಹೊಸ ಮೂಲ ಹಾಕಿ ಅಳತೆ ಮಾಡುವಾಗ ತಪ್ಪಾಯಿತು. ಸ್ವತಂತ್ರವಾಗಿ ಇನ್ನೊಬ್ಬರು ಅಳೆದು ತಾಳೆ ನೋಡಿರಲಿಲ್ಲ. 207 ರೋಗಿಗಳಿಗೆ ಶೇ. 25ರಷ್ಟು ಹೆಚ್ಚು ಡೋಸ್ ಹೋಯಿತು. ಸ್ಪೇನಿನ ಜರಗೋಜಾದಲ್ಲಿ 1990ರ ಡಿಸೆಂಬರಿನಲ್ಲಿ ಯಂತ್ರ ರಿಪೇರಿ ಆದ ಮೇಲೆ ಫಿಸಿಸಿಸ್ಟ್‌ಗೆ ತಿಳಿಸದೆ, ಅಳತೆ ಮಾಡಿಸದೆ ಚಿಕಿತ್ಸೆ ಶುರು ಮಾಡಿದರು. ಕಿರಣಕ್ಕೆ ಯಾವ ಶಕ್ತಿ ಆರಿಸಿದರೂ ಸೂಚಕದ ಮುಳ್ಳು 36ರಲ್ಲೇ ನಿಂತಿತ್ತು. ಮುಳ್ಳು ಸಿಕ್ಕಿಹಾಕಿಕೊಂಡಿರಬೇಕು ಅಂದುಕೊಂಡರಂತೆ. ಮುಳ್ಳು ಸರಿಯಾಗಿಯೇ ಇತ್ತು, ಕಿರಣವೇ ಯಾವಾಗಲೂ 36ರ ಶಕ್ತಿಯಲ್ಲಿ ಬರುತ್ತಿತ್ತು. 27 ರೋಗಿಗಳು ಅದಕ್ಕೆ ಸಿಕ್ಕಿದರು.

ನನ್ನನ್ನು ಹೆಚ್ಚು ಕಾಡುವುದು ಪನಾಮದ ಕತೆ. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಲೆಕ್ಕ ಹಾಕಿಕೊಡುವ ಪ್ಲಾನಿಂಗ್ ಸಾಫ್ಟ್‌ವೇರ್ ಒಂದು ಕಿರಣಕ್ಕೆ ನಾಲ್ಕು ಸೀಸದ ಬ್ಲಾಕ್‌ಗಳನ್ನು ಮಾತ್ರ ಒಪ್ಪುತ್ತಿತ್ತು. ಆರೋಗ್ಯವಾಗಿರುವ ಅಂಗಗಳಿಗೆ ವಿಕಿರಣ ತಾಗದಂತೆ ಅಡ್ಡ ಇಡುವ ಬ್ಲಾಕ್‌ಗಳು ಇವು. ಡಾಕ್ಟರುಗಳು ಐದನೆಯದೂ ಬೇಕು ಅಂದರು, ರೋಗಿಯ ಒಳ್ಳೆಯದಕ್ಕೇ. ಅಲ್ಲಿನವರು ಒಂದು ಉಪಾಯ ಕಂಡುಕೊಂಡರು. ಎಲ್ಲ ಬ್ಲಾಕ್‌ಗಳನ್ನು ಸೇರಿಸಿ, ನಡುವೆ ತೂತಿರುವ ಒಂದೇ ದೊಡ್ಡ ಬ್ಲಾಕ್ ಎಂದು ಕಂಪ್ಯೂಟರಿಗೆ ಹೇಳುವುದು. ಕಂಪ್ಯೂಟರ್ ಒಪ್ಪಿತು. ಚಿತ್ರವೂ ಸರಿಯಾಗಿ ಕಂಡಿತು. ಆದರೆ ಆ ತೂತಿನ ಗೆರೆಯನ್ನು ಒಂದು ದಿಕ್ಕಿನಲ್ಲಿ ಎಳೆದರೆ ಲೆಕ್ಕ ಸರಿ ಬರುತ್ತಿತ್ತು, ಇನ್ನೊಂದು ದಿಕ್ಕಿನಲ್ಲಿ ಎಳೆದರೆ ಚಿಕಿತ್ಸೆಯ ಅವಧಿ ಹೆಚ್ಚುಕಮ್ಮಿ ಎರಡು ಪಟ್ಟು ಬರುತ್ತಿತ್ತು. ಪರದೆಯ ಮೇಲೆ ಒಂದು ಎಚ್ಚರಿಕೆಯೂ ಇಲ್ಲ. 2000ದ ಆಗಸ್ಟ್‌ನಿಂದ 2001ರ ಮಾರ್ಚ್‌ವರೆಗೆ 28 ರೋಗಿಗಳಿಗೆ ಹೀಗೆ ವಿಪರೀತ ಡೋಸ್ ಹೋಯಿತು. ಹಲವರು ಸತ್ತರು. ಫಿಸಿಸಿಸ್ಟ್‌ಗಳು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ಕಾಗದ ಪೆನ್ನು ಹಿಡಿದು ಐದು ನಿಮಿಷ ಕೂತಿದ್ದರೆ ಆ ಅವಧಿ ಸಾಧ್ಯವೇ ಇಲ್ಲ ಎಂದು ತಿಳಿಯುತ್ತಿತ್ತು. ಆದರೆ ಅಲ್ಲಿ ಕೆಲಸದ ಒತ್ತಡ ವಿಪರೀತ ಇತ್ತು, ಕೈಲೆಕ್ಕದಲ್ಲಿ ತಾಳೆ ನೋಡುವ ಪದ್ಧತಿ ಇರಲಿಲ್ಲ. ಅಲ್ಲಿದ್ದವರಿಗೆ ಫಿಸಿಕ್ಸ್ ಬರುತ್ತಿರಲಿಲ್ಲ ಎಂದು ಹೇಳಿದರೆ ಅನ್ಯಾಯ. ಕಂಪ್ಯೂಟರ್ ಕೊಟ್ಟ ಅಂಕಿ ನೋಡಿದ ಕೂಡಲೇ "ಇದ್ಯಾಕೋ ಜಾಸ್ತಿ ಆಯ್ತಲ್ಲ" ಅನ್ನಿಸಬೇಕು. ಅದು ನೂರಾರು ಪ್ಲಾನ್ ನೋಡಿದ ಕಣ್ಣಿಗೆ ಬರುವ ಗುಣ. ರೆಸಿಡೆನ್ಸಿಯ ಎರಡು ವರ್ಷ ಕೊಡಬೇಕಾದದ್ದು ಆ ಕಣ್ಣನ್ನು.

ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಸಮಸ್ಯೆ ಬರುವುದು ಎಣಿಕೆಯಲ್ಲಿ.

ಒಂದು ವಿಶ್ವವಿದ್ಯಾಲಯ ಮೆಡಿಕಲ್ ಫಿಸಿಕ್ಸ್ ಎಂ.ಎಸ್‌ಸಿ.ಗೆ ಇನ್ನೂ ಐದು ಜನರನ್ನು ಸೇರಿಸಿಕೊಂಡರೆ ಫೀಸು ಬರುತ್ತದೆ. ಕ್ಲಾಸಿನಲ್ಲಿ ಐದು ಕುರ್ಚಿ ಹಾಕಿದರೆ ಆಯಿತು. ಒಂದು ಆಸ್ಪತ್ರೆ ಇನ್ನೊಬ್ಬ ರೆಸಿಡೆಂಟನ್ನು ತೆಗೆದುಕೊಂಡರೆ ಸಂಬಳ ಕೊಡಬೇಕು. ಹಿರಿಯ ಫಿಸಿಸಿಸ್ಟ್ ತಮ್ಮ ಕೆಲಸದ ನಡುವೆ ಕಲಿಸಬೇಕು. ಹಗಲಿಡೀ ಯಂತ್ರದಲ್ಲಿ ರೋಗಿಗಳು ಇರುತ್ತಾರೆ, ಹಾಗಾಗಿ ಅಭ್ಯಾಸಕ್ಕೆ ಸಂಜೆ ಅಥವಾ ಶನಿವಾರ ಕಾಯಬೇಕು. ಮಾನ್ಯತೆಗೆ ಕಾಗದಪತ್ರದ ರಾಶಿ ಬೇರೆ. ಒಬ್ಬರಿಗೆ ಸೀಟು ಅಂದರೆ ಆದಾಯ, ಇನ್ನೊಬ್ಬರಿಗೆ ಖರ್ಚು. ಅಮೆರಿಕದಲ್ಲಿ ಡಾಕ್ಟರುಗಳ ರೆಸಿಡೆನ್ಸಿಗೆ ಮೆಡಿಕೇರ್‌ನಿಂದ ಸರ್ಕಾರದ ದುಡ್ಡು ಬರುತ್ತದೆ. ಫಿಸಿಕ್ಸ್ ರೆಸಿಡೆನ್ಸಿಯ ಖರ್ಚನ್ನು ಬಹುಪಾಲು ಆಯಾ ವಿಭಾಗವೇ ಹೊರುತ್ತದೆ. ಡಾಕ್ಟರೂ ಅಲ್ಲ, ವಿದ್ಯಾರ್ಥಿಯೂ ಅಲ್ಲ ಅನ್ನುವ ಆ ನಡುವಿನ ಸ್ಥಾನ ಇಲ್ಲಿ ದುಬಾರಿಯಾಗುತ್ತದೆ.

ಇದರಿಂದಾಗಿ 2014ರ ನಿಯಮ ಬಂದಾಗ ಬಾಗಿಲ ಮುಂದೆ ನೂಕುನುಗ್ಗಲು. ಒಂದೊಂದು ಆಸ್ಪತ್ರೆ ಒಂದೊಂದು ದಿನ ಕರೆದು, ನಾಳೆಯೊಳಗೆ ಹೇಳಿ ಎಂದು ಅವಸರ ಮಾಡಿ, ಹುಡುಗರನ್ನು ಕಂಗಾಲು ಮಾಡುತ್ತಿದ್ದವು. ಅದನ್ನು ತಪ್ಪಿಸಲು 2015ರಿಂದ ಮ್ಯಾಚ್ ಎಂಬ ವ್ಯವಸ್ಥೆ ಬಂತು. ಅಭ್ಯರ್ಥಿಗಳು ತಮಗೆ ಇಷ್ಟವಾದ ರೆಸಿಡೆನ್ಸಿಗಳನ್ನು ಕ್ರಮವಾಗಿ ಬರೆಯುತ್ತಾರೆ, ಆಸ್ಪತ್ರೆಗಳವರೂ ಅಭ್ಯರ್ಥಿಗಳನ್ನು ಕ್ರಮವಾಗಿ ಬರೆಯುತ್ತಾರೆ, ಕಂಪ್ಯೂಟರ್ ಜೋಡಿ ಮಾಡುತ್ತದೆ. ಅವಸರ, ಒತ್ತಡ ಕಮ್ಮಿಯಾದವು, ಒಪ್ಪೋಣ. ಆದರೆ ಹಂಚುವ ವಿಧಾನ ಎಷ್ಟೇ ಚೆನ್ನಾಗಿದ್ದರೂ ಪಾತ್ರೆಯಲ್ಲಿ ಇರುವುದು ಅಷ್ಟೇ. ರೆಸಿಡೆನ್ಸಿಗಳ ಸಂಖ್ಯೆ ಮುಂದೆ ಏರಿತು, ಅಂತರ ಸ್ವಲ್ಪ ತಗ್ಗಿತು. ಆದರೂ ಜೋಡಿ ಸಿಗದೆ ಉಳಿದವರು ಪ್ರತಿ ವರ್ಷ ಇರುತ್ತಾರೆ. ಎಂ.ಎಸ್. (ಅಮೆರಿಕದ ಎಂ.ಎಸ್‌ಸಿ.) ಮಾಡಿದವರು ಪಿಎಚ್.ಡಿ. ಮಾಡಿದವರ ಜೊತೆ ಅದೇ ಸೀಟಿಗೆ ಸೆಣಸಬೇಕು. ದೊಡ್ಡ ಆಸ್ಪತ್ರೆಗಳಿಗೆ ಸಂಶೋಧನೆ ಮಾಡುವವರು ಬೇಕು, ಹಾಗಾಗಿ ಪ್ರಬಂಧಗಳ ಪಟ್ಟಿ ಉದ್ದ ಇದ್ದವರು ಮುಂದೆ. ದಿನಾ ಬೆಳಿಗ್ಗೆ ಯಂತ್ರ ಸರಿ ಇದೆಯೇ ಎಂದು ನೋಡುವ ಕೆಲಸಕ್ಕೆ ಪ್ರಬಂಧಗಳ ಪಟ್ಟಿ ಯಾಕೆ ಅಂತ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಸೀಟು ಸಿಗದವರು ಬೇರೆ ದಾರಿ ಹಿಡಿಯುತ್ತಾರೆ. ಯಂತ್ರ ತಯಾರಿಸುವ ಕಂಪನಿಗೆ ಹೋಗುವವರಿದ್ದಾರೆ, ಫಿಸಿಸಿಸ್ಟ್‌ಗಳಿಗೆ ಸಹಾಯಕರಾಗಿ ಸೇರಿ ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವವರಿದ್ದಾರೆ. ಅದೇನೂ ಕೀಳು ಕೆಲಸವಲ್ಲ. ಆದರೆ ಸೇರುವಾಗಲೇ ಈ ವಿಷಯ ಗೊತ್ತಿತ್ತಾ ಅನ್ನುವುದು ಪ್ರಶ್ನೆ.

ಬ್ರಿಟನ್ ಇದನ್ನು ತಲೆಕೆಳಗು ಮಾಡಿದೆ. ಅಲ್ಲಿನ ಸೈಂಟಿಸ್ಟ್ ಟ್ರೇನಿಂಗ್ ಪ್ರೋಗ್ರಾಂನಲ್ಲಿ ಮೊದಲು ಆಸ್ಪತ್ರೆಯ ತರಬೇತಿ ಹುದ್ದೆ, ಅದೂ ಸಂಬಳದ ಜೊತೆ. ಮೂರು ವರ್ಷದ ಆ ಅವಧಿಯಲ್ಲೇ ಎಂ.ಎಸ್‌ಸಿ.ಯನ್ನೂ ಮುಗಿಸುತ್ತಾರೆ. ಅಲ್ಲೂ ಬಾಗಿಲು ಕಿರಿದೇ, ಸ್ಪರ್ಧೆ ಜೋರು. ಆದರೆ ಕಿರಿದಾದ ಬಾಗಿಲು ದಾರಿಯ ಶುರುವಿನಲ್ಲಿದೆ. ಒಳಗೆ ಬರದವರು ಎರಡು ವರ್ಷದ ಫೀಸು, ವಯಸ್ಸು ಎರಡನ್ನೂ ಕಳೆದುಕೊಂಡಿರುವುದಿಲ್ಲ. ನನಗೆ ಈ ಕ್ರಮವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಇಟಲಿಯ ಟ್ರಿಯೆಸ್ಟೆಯಲ್ಲಿ ಐಸಿಟಿಪಿ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರ ಮತ್ತು ಅಲ್ಲಿನ ವಿಶ್ವವಿದ್ಯಾಲಯ 2014ರಿಂದ ನಡೆಸುತ್ತಿರುವ ಕೋರ್ಸ್ ಕೂಡ ಇದೇ ಜಾಡಿನದು. ಮೊದಲ ವರ್ಷ ಪಾಠ, ಎರಡನೇ ವರ್ಷ ಆಸ್ಪತ್ರೆ, ಎರಡೂ ಒಂದೇ ಸೀಟಿನೊಳಗೆ. ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಾದ ಎಇಆರ್‌ಬಿ ನಿಯಮದಂತೆ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್ ಬೇಕು. ದೇಶದಿಂದ ದೇಶಕ್ಕೆ ತಿಂಗಳ ಲೆಕ್ಕ ಬೇರೆ, ಹಾಗಾಗಿ ಒಂದು ಕಡೆ ಕಲಿತವರು ಇನ್ನೊಂದು ಕಡೆ ಹೋದಾಗ ಮತ್ತೆ ಮೊದಲಿಂದ ಶುರು ಮಾಡುವ ಗೋಳು ಇದ್ದೇ ಇದೆ.

ವಿಚಿತ್ರ ಏನೆಂದರೆ, ಒಂದು ಕಡೆ ಪದವಿ ಹಿಡಿದು ಕಾಯುವವರು, ಇನ್ನೊಂದು ಕಡೆ ಫಿಸಿಸಿಸ್ಟ್ ಸಿಗುತ್ತಿಲ್ಲ ಎಂದು ಕೊರಗುವ ಆಸ್ಪತ್ರೆಗಳು. ಬಡ ದೇಶಗಳಲ್ಲಿ ಇದು ಇನ್ನೂ ತೀವ್ರ. ಯಂತ್ರ ಕೊಳ್ಳುವುದಕ್ಕೆ ಸಾಲವೋ ನೆರವೋ ಹೇಗೋ ಸಿಗುತ್ತದೆ, ಉದ್ಘಾಟನೆಗೆ ಮಂತ್ರಿಗಳೂ ಬರುತ್ತಾರೆ. ಯಂತ್ರವನ್ನು ಅಳೆದು ಚಿಕಿತ್ಸೆಗೆ ಸಿದ್ಧ ಮಾಡುವ ಜನ ಮಾತ್ರ ಇರುವುದಿಲ್ಲ. ಕಲಿಸಲು ಮೊದಲು ಕಲಿತವರು ಬೇಕು, ಅವರೇ ಇಲ್ಲದಿದ್ದರೆ ಶುರು ಮಾಡುವುದಾದರೂ ಎಲ್ಲಿಂದ? ಹೊರದೇಶಕ್ಕೆ ಕಳಿಸಿ ಕಲಿಸಿದರೆ ಕೆಲವರು ಮರಳಿ ಬರುವುದೇ ಇಲ್ಲ. ಇದಕ್ಕಾಗಿಯೇ ಐಎಇಎ 2009ರಿಂದ ವಿಕಿರಣ ಚಿಕಿತ್ಸೆ, ಇಮೇಜಿಂಗ್, ನ್ಯೂಕ್ಲಿಯರ್ ಮೆಡಿಸಿನ್ ಮೂರಕ್ಕೂ ಒಂದೊಂದು ಕ್ಲಿನಿಕಲ್ ತರಬೇತಿ ಕೈಪಿಡಿ ತಂದಿದೆ. ಕಲಿಯುವವರು ಅವರವರ ಆಸ್ಪತ್ರೆಯಲ್ಲೇ ಇದ್ದು, ಒಂದೊಂದು ಕೆಲಸ ಕಲಿತಂತೆ ಸಹಿ ಹಾಕಿಸಿಕೊಳ್ಳುತ್ತಾ ಹೋಗಬಹುದು.

ಆ ಸಹಿಯ ಬಗ್ಗೆ ಒಂದು ಮಾತು. ಪಟ್ಟಿಯಲ್ಲಿ ಎಲ್ಲ ಸಾಲಿಗೂ ಸಹಿ ಬಿದ್ದ ಮಾತ್ರಕ್ಕೆ ಕಲಿತಂತೆ ಆಗುವುದಿಲ್ಲ. ಲಿನಾಕ್‌ನ ವಾರ್ಷಿಕ ತಪಾಸಣೆಯನ್ನು ದೂರದಿಂದ ನೋಡಿದವರಿಗೂ ಸಹಿ, ರಾತ್ರಿ ಹನ್ನೊಂದರವರೆಗೆ ಕೂತು ತಾವೇ ಮಾಡಿದವರಿಗೂ ಅದೇ ಸಹಿ. ಒಳ್ಳೆಯ ತರಬೇತಿಯಲ್ಲಿ ರೆಸಿಡೆಂಟ್ ಮೊದಲು ಪಕ್ಕದಲ್ಲಿ ನಿಂತು ನೋಡುತ್ತಾರೆ, ಆಮೇಲೆ ಪಕ್ಕದಲ್ಲಿ ಯಾರಾದರೂ ಇರುವಾಗ ಮಾಡುತ್ತಾರೆ, ಕೊನೆಗೆ ಒಬ್ಬರೇ ಮಾಡಿ ತೋರಿಸುತ್ತಾರೆ. ಇನ್ನೂ ಒಂದು ಕಲಿಯಬೇಕು, ಅದು ಯಾವ ಪಟ್ಟಿಯಲ್ಲೂ ಸರಿಯಾಗಿ ಕೂರುವುದಿಲ್ಲ. ಅದು, "ಬೇಡ" ಎಂದು ಹೇಳುವ ಧೈರ್ಯ. ಹೊರಗೆ ಹನ್ನೆರಡು ಜನ ರೋಗಿಗಳು ಕೂತಿದ್ದಾರೆ, ಡಾಕ್ಟರಿಗೆ ಅವಸರ. ಬೆಳಗಿನ ತಪಾಸಣೆಯಲ್ಲಿ ಅಂಕಿ ಮಿತಿ ದಾಟಿದೆ. ಇಪ್ಪತ್ತಾರರ ಹುಡುಗಿಯೊಬ್ಬಳು "ಸರ್, ಯಂತ್ರ ಈಗ ಶುರು ಮಾಡೋದು ಬೇಡ, ಇನ್ನೊಂದ್ಸಲ ಅಳೀತೀನಿ" ಎಂದು ಹೇಳಬೇಕು. ಜರಗೋಜಾದಲ್ಲಿ ಇಲ್ಲದೇ ಹೋದದ್ದು ಇಂಥ ಒಂದು ಮಾತು. ಅಮೆರಿಕದ ಬೋರ್ಡ್ ಪರೀಕ್ಷೆಯ ಕೊನೆಯ ಹಂತ ಬಾಯಿಪರೀಕ್ಷೆ. ಪರೀಕ್ಷಕರು ಒಬ್ಬೊಬ್ಬರಾಗಿ ಕೂತು, ಹೀಗಾಗಿದೆ, ಈಗೇನು ಮಾಡ್ತೀರಿ ಎಂದು ಕೇಳುತ್ತಾರೆ. ಸೂತ್ರ ಬಾಯಿಪಾಠ ಮಾಡಿದವರು ಅಲ್ಲಿ ತಡವರಿಸುತ್ತಾರೆ.

ಈಗ ಇದಕ್ಕೆ ಎಐ ಸೇರಿಕೊಂಡಿದೆ. ಸಿ.ಟಿ. ಚಿತ್ರದ ಮೇಲೆ ಅಂಗಾಂಗಗಳ ಗೆರೆ ಎಳೆಯುವ ಕೆಲಸ ಗಂಟೆಗಟ್ಟಲೆ ಹಿಡಿಯುತ್ತಿತ್ತು, ಈಗ ಸಾಫ್ಟ್‌ವೇರ್ ನಿಮಿಷಗಳಲ್ಲಿ ಮುಗಿಸುತ್ತದೆ. ಪ್ಲಾನನ್ನೂ ಅದೇ ಮಾಡಿಕೊಡುತ್ತದೆ. ಕೆಲಸ ಹಗುರವಾಯಿತು, ಖುಷಿಯ ವಿಷಯವೇ. ಆದರೆ ನೂರು ಪ್ಲಾನ್‌ಗಳನ್ನು ಕೈಯಾರೆ ಮಾಡಿ, ಕೆಡಿಸಿ, ಮತ್ತೆ ಮಾಡಿದಾಗ ಬರುತ್ತಿದ್ದ ಆ ಕಣ್ಣು ಇನ್ನು ಎಲ್ಲಿಂದ ಬರಬೇಕು? ಪನಾಮದ ಕಂಪ್ಯೂಟರ್ ಕೂಡ ಒಂದು ಎಚ್ಚರಿಕೆ ಕೊಡದೆ ಅಚ್ಚುಕಟ್ಟಾಗಿ ಉತ್ತರ ಕೊಟ್ಟಿತ್ತು. ಯಂತ್ರ ತಯಾರಿಸಿದ ಪ್ಲಾನನ್ನು ಪರೀಕ್ಷಿಸುವವರಿಗೆ ಅದನ್ನು ತಯಾರಿಸುವ ಅನುಭವವೇ ಇಲ್ಲದಿದ್ದರೆ, ಪರೀಕ್ಷೆ ಅನ್ನುವುದು ಬರೀ ಸಹಿ ಆಗುತ್ತದೆ. ಹಾಗಾಗಿ ಕೆಲವು ತಿಂಗಳಾದರೂ ರೆಸಿಡೆಂಟ್‌ಗಳು ಹಳೆಯ ರೀತಿಯಲ್ಲೇ ಒದ್ದಾಡಲಿ ಅನ್ನುವ ಪಕ್ಷ ನನ್ನದು. ನಿಧಾನ ಆಗುತ್ತದೆ ಎಂದು ಆಸ್ಪತ್ರೆಗಳು ಒಪ್ಪಲಿಕ್ಕಿಲ್ಲ.

ಪರಿಹಾರ ಎಂದು ಹೇಳುವ ಎರಡು ದಾರಿಗಳಿವೆ. ಒಂದು, ಡಿಎಂಪಿ ಎಂಬ ವೃತ್ತಿಪರ ಡಾಕ್ಟರೇಟ್. ಓದು, ಕ್ಲಿನಿಕಲ್ ತರಬೇತಿ ಎರಡೂ ಒಂದೇ ಕೋರ್ಸಿನೊಳಗೆ ಬರುತ್ತವೆ. ಬಾಗಿಲ ಮುಂದೆ ಕಾಯುವ ಗೋಳು ತಪ್ಪುತ್ತದೆ, ನಿಜ. ಆದರೆ ರೆಸಿಡೆಂಟ್ ಆಗಿದ್ದರೆ ಸಂಬಳ ಬರುತ್ತಿದ್ದ ವರ್ಷಗಳಿಗೆ ಇಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಯೇ ಫೀಸು ಕಟ್ಟಬೇಕು. ಖರ್ಚು ಎಲ್ಲೂ ಹೋಗಲಿಲ್ಲ, ಆಸ್ಪತ್ರೆಯ ಜೇಬಿನಿಂದ ಮಗನ ಅಥವಾ ಮಗಳ ಸಾಲಕ್ಕೆ ಬಂತು, ಅಷ್ಟೇ. ಇನ್ನೊಂದು ದಾರಿ ನನಗೆ ಹಿಡಿಸುತ್ತದೆ. ದೊಡ್ಡ ಆಸ್ಪತ್ರೆಯೊಂದು ಮಾನ್ಯತೆ, ಪಾಠ, ಪರೀಕ್ಷೆಗಳ ಭಾರ ಹೊತ್ತು, ಸುತ್ತಲಿನ ಚಿಕ್ಕ ಆಸ್ಪತ್ರೆಗಳಲ್ಲಿ ಒಬ್ಬೊಬ್ಬ ರೆಸಿಡೆಂಟನ್ನು ಕೂರಿಸುವುದು. ಚಿಕ್ಕ ಆಸ್ಪತ್ರೆಯಲ್ಲಿ ಎರಡನೇ ವರ್ಷದ ರೆಸಿಡೆಂಟ್ ಮಾಡುವ ಕೆಲಸ ಕಮ್ಮಿಯೇನಲ್ಲ. ಸಂಬಳಕ್ಕೆ ತಕ್ಕಷ್ಟು ದುಡಿಮೆ ಬರುತ್ತದೆ ಎಂದು ಆಡಳಿತದವರಿಗೆ ಲೆಕ್ಕ ತೋರಿಸಬಹುದು. ಅಲ್ಲೇ ಕಲಿತವರು ಅಲ್ಲೇ ಉಳಿಯುವ ಸಾಧ್ಯತೆಯೂ ಇದೆ.

ಅಲ್ಲಿಯವರೆಗೆ ಸೇರಬೇಕು ಅನ್ನುವವರಿಗೆ ಒಂದು ಕೆಲಸ ಇದೆ. ಕ್ಯಾಂಪೆಪ್ ಮಾನ್ಯತೆ ಇರುವ ಕೋರ್ಸುಗಳು ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಮುಗಿಸಿದವರು ಎಲ್ಲಿಗೆ ಹೋದರು ಎಂದು ಸಾರ್ವಜನಿಕವಾಗಿ ಪ್ರಕಟಿಸಲೇಬೇಕು. ಕ್ಯಾಂಪಸ್ಸಿನ ಚಂದದ ಫೋಟೋಗಳನ್ನು ದಾಟಿ ಆ ಕೋಷ್ಟಕ ಹುಡುಕಿ. ರೆಸಿಡೆನ್ಸಿ ಅನ್ನುವ ಸಾಲಿನ ಅಂಕಿ ನೋಡಿ, ಅದರ ಪಕ್ಕದಲ್ಲಿ ಮುಗಿಸಿದವರ ಅಂಕಿ ಇಡಿ. ಒಂದು ವರ್ಷದ್ದು ಸಾಲದು, ಮೂರ್ನಾಲ್ಕು ವರ್ಷದ್ದು ನೋಡಿ. ಇಂಥ ನಿಯಮ ಇಲ್ಲದ ಕಡೆಯಾದರೆ ವಿಭಾಗದ ಮುಖ್ಯಸ್ಥರಿಗೇ ಫೋನ್ ಮಾಡಿ ಕೇಳಬಹುದು: ಕಳೆದ ವರ್ಷ ಪಾಸಾದವರಲ್ಲಿ ಎಷ್ಟು ಜನ ಈಗ ಆಸ್ಪತ್ರೆಯಲ್ಲಿದ್ದಾರೆ ಸರ್? ಉತ್ತರಕ್ಕಿಂತ ಮೊದಲು ಬರುವ ಮೌನ ಎಷ್ಟು ಉದ್ದ ಇದೆ ಅನ್ನುವುದನ್ನೂ ಗಮನಿಸಿ.